ಕೇಳಿದವರು ಅಂದದ್ದು

ನಮ್ಮ ಮೇಷ್ಟ್ರ ಬಲಗೈಯ ತೋರುಬೆರಳು ನಡುಗೆಣ್ಣಿಗೇ ಮುಗಿದುಹೋಗಿತ್ತು. ಪೆನ್ನನ್ನು ಮಧ್ಯದ ಬೆರಳಿಗೂ ಉಂಗುರದ ಬೆರಳಿಗೂ ನಡುವೆ ಸಿಕ್ಕಿಸಿಕೊಂಡು ಬರೆಯುತ್ತಿದ್ದರು. ನಮಗೆಲ್ಲ ಮಸಿ ಮೆತ್ತುವ ಕಡೆ ಅವರ ಕೈ ಚೊಕ್ಕಟವಾಗಿರುತ್ತಿತ್ತು, ಕಿರುಬೆರಳಿನ ಪಕ್ಕ ಮಾತ್ರ ಸದಾ ನೀಲಿ. ಆದರೂ ಅಕ್ಷರ ದುಂಡಗೆ, ಸಾಲು ನೆಟ್ಟಗೆ. ಆ ಮೋಟು ಬೆರಳಿಗೆ ಬೇರೊಂದು ಕೆಲಸವಿತ್ತು. ನಾವು ಬರೆದದ್ದನ್ನು ಓದುವಾಗ ಎಲ್ಲಾದರೂ ಸುಳ್ಳಿನ ವಾಸನೆ ಬಡಿದರೆ ಅದರಿಂದ ಮೇಜನ್ನು ಟಕ್ ಎಂದು ಕುಟ್ಟುತ್ತಿದ್ದರು. ಬಾಯಲ್ಲಿ ಏನೂ ಹೇಳುತ್ತಿರಲಿಲ್ಲ. ಒಂದು ಪುಟಕ್ಕೆ ಮೂರು ಸಲ ಟಕ್ ಎಂದರೆ ಅದನ್ನು ನಾವೇ ಮಡಿಸಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆವು.

ಬೆರಳು ಹೋದದ್ದು ಹೇಗೆ ಎಂದು ಹೊಸಬರು ಯಾರು ಕೇಳಿದರೂ ಅವರಿಗೆ ಖುಷಿ. ಒಬ್ಬರಿಗೆ ಬಂಡೀಪುರದ ಕಾಡಿನಲ್ಲಿ ಕರಡಿ ಕಚ್ಚಿತು ಎಂದರು. ಇನ್ನೊಬ್ಬರಿಗೆ ಚಾಮರಾಜನಗರದ ಸ್ಟೇಷನ್ನಿನಲ್ಲಿ ರೈಲಿನ ಬಾಗಿಲಿಗೆ ಸಿಕ್ಕಿತು ಎಂದರು. ನನಗೆ ಹೇಳಿದ್ದು ಕಬ್ಬಿನ ಗಾಣದ ಕಥೆ. ಆಮೇಲೆ ಎಲ್ಲರನ್ನೂ ಕೂರಿಸಿಕೊಂಡು, "ಮೂರರಲ್ಲಿ ಯಾವುದು ನಿಜ ಅನ್ನಿಸುತ್ತೆ? ಯಾಕನ್ನಿಸುತ್ತೆ?" ಎಂದು ಕೇಳುತ್ತಿದ್ದರು. ಅದೇ ಆವತ್ತಿನ ಪಾಠ. ನಾವು ವಾದ ಮಾಡಿ ಮಾಡಿ ಗಂಟಲು ಒಣಗಿಸಿಕೊಂಡ ಮೇಲೂ ನಿಜ ಯಾವುದೆಂದು ಹೇಳುತ್ತಿರಲಿಲ್ಲ.

ನಾವು ಅವರನ್ನು ಬರವಣಿಗೆ ಮೇಷ್ಟ್ರು ಎನ್ನುತ್ತಿದ್ದೆವು. ಚಾಮರಾಜನಗರದಲ್ಲಿ ಮಿಡ್ಲ್ ಸ್ಕೂಲಿನ ಕನ್ನಡ ಮೇಷ್ಟ್ರಾಗಿದ್ದು ನಿವೃತ್ತರಾದವರು. ಶನಿವಾರ ಮಧ್ಯಾಹ್ನ ತಮ್ಮೂರಿನಲ್ಲೂ, ಭಾನುವಾರ ಮಧ್ಯಾಹ್ನ ಗುಂಡ್ಲುಪೇಟೆಯ ವಾಚನಾಲಯದಲ್ಲೂ ಕಥೆ ಬರೆಯುವುದನ್ನು ಹೇಳಿಕೊಡುತ್ತಿದ್ದರು. ಕನ್ನಡನಾಡು ಇನ್ನೂ ಒಂದಾಗಿರದ ಆ ಕಾಲದಲ್ಲಿ ಬರೆಯುವುದಕ್ಕೂ ಒಂದು ಕ್ಲಾಸು ಎಂದರೆ ಜನ ನಗುತ್ತಿದ್ದರು. "ಮೈ ನೆಟ್ಟಗಿರೋರು ಯಾರಾದ್ರೂ ಕಥೆ ಬರಿಯಕ್ ಕಲ್ತಾರಾ?" ಎಂದು ನಮ್ಮಣ್ಣನೇ ಕೇಳಿದ್ದ. ನಾನಾಗ ಬೇಗೂರಿನ ಪ್ರೈಮರಿ ಸ್ಕೂಲಿನಲ್ಲಿ ಹೊಸ ಟೀಚರು, ಇಪ್ಪತ್ತು ತುಂಬಿತ್ತು. ವಾರವೆಲ್ಲ ಬೇಗೂರಿನ ನೆಂಟರ ಮನೆಯಲ್ಲಿದ್ದು ಶನಿವಾರ ಭೀಮನಬೀಡಿನ ನಮ್ಮ ಮನೆಗೆ ಬರುತ್ತಿದ್ದೆ. ಭಾನುವಾರ ವಾಪಸು ಹೋಗುವಾಗ ಗುಂಡ್ಲುಪೇಟೆಯಲ್ಲಿ ಇಳಿದು ಕ್ಲಾಸು ಮುಗಿಸಿಕೊಂಡು ಸಾಯಂಕಾಲದ ಬಸ್ಸು ಹಿಡಿಯುತ್ತಿದ್ದೆ. ಅಷ್ಟು ಗಂಡಸರ ನಡುವೆ ಒಬ್ಬಳೇ ಹುಡುಗಿ ಕೂರುವುದು ಹೇಗೆ ಎಂದು ಮನೆಯಲ್ಲಿ ತಕರಾರು ಬಂದಾಗ ಆಸ್ಪತ್ರೆಯ ನರ್ಸಮ್ಮ ತಾವೂ ಸೇರಿಕೊಂಡರು. ಕಿಟಕಿ ಪಕ್ಕದ ಬೆಂಚು ನಮ್ಮಿಬ್ಬರದಾಯಿತು.

ಅವರ ಪಾಠದಲ್ಲಿ ದೊಡ್ಡ ಮಾತುಗಳಿರಲಿಲ್ಲ. ನಾನು ಮೊದಲ ವಾರ 'ನನ್ನ ಅಂತಃಕರಣ ಕಲಕಿಹೋಯಿತು' ಎಂದು ಬರೆದಿದ್ದೆ. ಟಕ್. "ಕಲಕಿತಲ್ಲ, ಆಮೇಲೆ ನೀನೇನು ಮಾಡಿದೆ ತಾಯಿ? ಊಟ ಬಿಟ್ಟೆಯಾ, ಇಲ್ಲ ಇನ್ನೊಂದು ಮುದ್ದೆ ಹಾಕಿಸಿಕೊಂಡೆಯಾ? ಅದನ್ನ ಬರಿ" ಎಂದರು. ಹಾಕಿಸಿಕೊಂಡದ್ದು ನಿಜವಾದ್ದರಿಂದ ನನಗೆ ನಾಚಿಕೆಯಾಯಿತು. ನಮ್ಮ ಜೊತೆ ಒಬ್ಬ ಬಸ್ ಕಂಡಕ್ಟರ್ ಇದ್ದ, ಚಾಮರಾಜನಗರ ಗುಂಡ್ಲುಪೇಟೆ ಲೈನಿನವನು. ಅವನ ಕಥೆಗಳಲ್ಲಿ ಬಸ್ಸು ಎಂದೂ ಬರುತ್ತಿರಲಿಲ್ಲ, ರಾಜಕುಮಾರಿಯರೂ ಹುಣ್ಣಿಮೆಯೂ ಬರುತ್ತಿದ್ದವು. ಮೇಷ್ಟ್ರು ಅವನನ್ನು, "ನಿನ್ನ ರಾಜಕುಮಾರಿಗೆ ಟಿಕೆಟ್ ಕೊಟ್ಟೆಯೇನಪ್ಪ?" ಎಂದು ಛೇಡಿಸುತ್ತಿದ್ದರು.

ಆದರೆ ಒಂದು ಕಟ್ಟಳೆಯ ಮೇಲೆ ಮಾತ್ರ ಅವರು ಬಹಳ ಬಿಗಿ. ಏನನ್ನೇ ಬರೆದರೂ ಕ್ಲಾಸಿಗೆ ತರುವ ಮೊದಲು ಓದು ಬಾರದ ಒಬ್ಬರಿಗೆ ಅದನ್ನು ಓದಿ ಹೇಳಬೇಕು. ಅವರು ಕೇಳಿ ಏನೆಂದರೋ ಅದನ್ನು ಅವರ ಮಾತಿನಲ್ಲೇ ಕೊನೆಗೆ ಬರೆದು ತರಬೇಕು. 'ಕೇಳಿದವರು: ಇಂಥವರು. ಅಂದದ್ದು: ಹೀಗೆ.' ಇನ್ನು, ನೀವು ಬರೆದದ್ದು ಯಾರ ಬಗ್ಗೆಯಾದರೂ ಇದ್ದು ಅವರಿಗೆ ಓದು ಬಾರದಿದ್ದರೆ, ಕೇಳುವವರು ಅವರೇ ಆಗಿರಬೇಕು. "ಓದು ಬಾರದವರ ಬಗ್ಗೆ ಬರೆಯೋದು ಬಾಗಿಲಿಲ್ಲದ ಮನೆಗೆ ನುಗ್ಗಿದ ಹಾಗೆ. ಅವರಿಗೆ ಗೊತ್ತೇ ಆಗಲ್ಲ. ಅದಕ್ಕೇ ನಾವೇ ಹೋಗಿ ಹೇಳಬೇಕು" ಎನ್ನುತ್ತಿದ್ದರು.

ಈ ಕೊನೆಯ ಸಾಲು ಅನೇಕ ಸಲ ಕಥೆಗಿಂತ ಸೊಗಸಾಗಿರುತ್ತಿತ್ತು. ಕಂಡಕ್ಟರನ ಒಂದು ಕಥೆಯ ಅಡಿಯಲ್ಲಿ 'ಕೇಳಿದವರು: ನಮ್ಮವ್ವ. ಅಂದದ್ದು: ಎರಡನೇ ಪುಟಕ್ಕೆ ನಿದ್ದೆ ಹೋದರು' ಎಂದಿತ್ತು. ಮೇಷ್ಟ್ರು ನಕ್ಕು ನಕ್ಕು ಕಣ್ಣೊರೆಸಿಕೊಂಡು, "ನಿಮ್ಮವ್ವನ್ನ ಇಲ್ಲಿಗೆ ಕಳಿಸಿ ನೀನು ಮನೇಲಿರು" ಎಂದಿದ್ದರು.

ಎರಡು ತಿಂಗಳಿಗೊಮ್ಮೆ ಎರಡೂ ಊರಿನ ಬರಹಗಳಲ್ಲಿ ಒಳ್ಳೆಯವನ್ನು ಆರಿಸಿ ಅವರೇ ತಮ್ಮ ಕೈಯಿಂದ ಒಂದು ಪತ್ರಿಕೆ ಬರೆಯುತ್ತಿದ್ದರು. ಇದ್ದದ್ದು ಒಂದೇ ಪ್ರತಿ. ರಟ್ಟು ಹಾಕಿ, ಹಸಿರು ಬಟ್ಟೆಯಲ್ಲಿ ಸುತ್ತಿ, ಒಳಗೆ ಮನೆಗಳ ಪಟ್ಟಿ ಅಂಟಿಸಿ ಕಂಡಕ್ಟರನ ಕೈಗೆ ಕೊಡುವರು. ಅದು ಬಸ್ಸಿನಲ್ಲಿ ಊರಿಂದೂರಿಗೆ ಹೋಗುತ್ತಿತ್ತು. ಒಂದು ಮನೆಯಲ್ಲಿ ಮೂರು ದಿನ ಇರಬಹುದು, ಆಮೇಲೆ ಮುಂದಿನ ಮನೆಗೆ ದಾಟಿಸಬೇಕು. ಹಲವು ಕಡೆ ಓದು ಬಲ್ಲವರೊಬ್ಬರು ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದರು, ಮಿಕ್ಕವರು ಸುತ್ತ ಕೂತು ಕೇಳುತ್ತಿದ್ದರು. ಆ ಪತ್ರಿಕೆಯ ಮೊದಲ ಪುಟದಲ್ಲಿ ನನ್ನ ಬರಹ ಬರಬೇಕೆಂದು ನನಗೆ ಎಷ್ಟು ಆಸೆಯಿತ್ತೆಂದರೆ, ಈಗ ನೆನೆದರೆ ನನ್ನ ಮೇಲೆ ನನಗೇ ಮರುಕವೂ ಬರುತ್ತದೆ, ಸಿಟ್ಟೂ ಬರುತ್ತದೆ.

ನಮ್ಮ ಮನೆಯಲ್ಲಿ ನನ್ನನ್ನು ಓದಿಸಿದವರು ಅತ್ತಿಗೆ. ಅವರಿಗೆ ಸ್ವತಃ ಒಂದಕ್ಷರ ಬಾರದು. ನಾನು ಟ್ರೈನಿಂಗಿಗೆ ಹೋಗುವುದು ಬೇಡವೆಂದು ಅಣ್ಣ ಹಟ ಹಿಡಿದಾಗ, "ಅವ್ಳ ಪಾಲಿನ ಗೇಮೆನೂ ನಾನೇ ಗೇಯ್ತೀನಿ, ಕಳ್ಸು" ಎಂದು ಹೇಳಿ ಹಾಗೆಯೇ ನಡೆದುಕೊಂಡವರು. ಅವರಿಗೊಂದು ಕೂಸು ಹುಟ್ಟಿ ಹೋಗಿಬಿಟ್ಟಿತ್ತು. ಆಮೇಲೆ ಮಕ್ಕಳಾಗಲಿಲ್ಲ. ಆ ಕೂಸಿನದೊಂದು ವಸ್ತುವನ್ನು ಅವರು ಯಾರಿಗೂ ಕಾಣದ ಹಾಗೆ ಇಟ್ಟುಕೊಂಡಿದ್ದರು. ನಾನೊಂದು ಸಲ ಅಕಸ್ಮಾತ್ತಾಗಿ ಅದನ್ನು ನೋಡಿಬಿಟ್ಟೆ. ನಾನು ನೋಡಿದ್ದು ಅವರಿಗೆ ತಿಳಿಯಲಿಲ್ಲ. ಅದು ಏನು, ಎಲ್ಲಿತ್ತು, ಅದನ್ನು ಹಿಡಿದುಕೊಂಡು ಅವರೇನು ಮಾಡುತ್ತಿದ್ದರು ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಆಗ ಬರೆದಿದ್ದೆ. ಮೊದಲಿನ ಮೂರು ಪುಟ, ಕೊನೆಯ ಮೂರು ಪುಟ ಹರಿದು ಬಿಸಾಡಿ, ಕೊನೆಗೆ ಎರಡೂ ಮಗ್ಗುಲು ಸೇರಿ ಒಂದೇ ಹಾಳೆಗೆ ಇಳಿಸಿದ್ದೆ. ಅಷ್ಟು ಚೆನ್ನಾಗಿ ನಾನು ಅಲ್ಲಿಯವರೆಗೆ ಬರೆದಿರಲಿಲ್ಲ. ಆಮೇಲೂ ಬರೆದಿಲ್ಲ.

ಕಟ್ಟಳೆಯ ಪ್ರಕಾರ ಅದನ್ನು ಅತ್ತಿಗೆಗೇ ಓದಿ ಹೇಳಬೇಕಿತ್ತು. ಭಾನುವಾರ ಬೆಳಗ್ಗೆ ಹಾಳೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಹೋದೆ. ಅವರು ರೊಟ್ಟಿ ತಟ್ಟುತ್ತಿದ್ದರು.

"ಏನಮ್ಮಿ?" ಎಂದರು.

"ಏನಿಲ್ಲ ಅತ್ತಿಗೆ."

"ಏನಿಲ್ದೆ ಯಾಕ್ ನಿಂತ್ಕಂಡಿದ್ದೀಯೆ? ಬಿಸಿ ರೊಟ್ಟಿ ತಿನ್ನು ಬಾ, ಬಸ್ಸಿಗೆ ಒತ್ತಾಯ್ತದೆ."

ರೊಟ್ಟಿ ತಿಂದೆ, ಓದಲಿಲ್ಲ. ಓದಿದರೆ ಬೇಡ ಎನ್ನುತ್ತಾರೆಂದು ನನಗೆ ಗೊತ್ತಿತ್ತು. ರಸ್ತೆಗೆ ಬಂದು ಬಸ್ಸಿಗೆ ಕಾಯುತ್ತಾ ಮೊಣಕಾಲಿನ ಮೇಲೆ ಹಾಳೆ ಇಟ್ಟುಕೊಂಡು ಕೊನೆಯ ಸಾಲನ್ನು ನಾನೇ ಬರೆದೆ: 'ಕೇಳಿದವರು: ನನ್ನ ಅತ್ತಿಗೆ. ಅಂದದ್ದು: ಇದ್ದದ್ನೇ ಬರ್ದಿದ್ದೀಯ ಕಣಮ್ಮಿ, ನಾಕು ಜನ ಕೇಳ್ಲಿ ಬುಡು.'

ಆ ಮಧ್ಯಾಹ್ನ ಮೇಷ್ಟ್ರು ಅದನ್ನು ಓದಿದರು. ಒಂದು ಸಲವೂ ಟಕ್ ಎನ್ನಲಿಲ್ಲ. ಅತ್ತಿಗೆಯ ಹೆಸರಲ್ಲಿ ನಾನು ಕಟ್ಟಿದ ಸಾಲು ಬಂದಾಗಲೂ ಬೆರಳು ಅಲ್ಲಾಡಲಿಲ್ಲ. ಓದಿ ಮುಗಿಸಿ ಕನ್ನಡಕ ತೆಗೆದರು. "ಇಂಥ ಕೇಳುಗರು ಮನೆಯಲ್ಲಿರೋದು ಪುಣ್ಯ. ನಿಮ್ಮ ಅತ್ತಿಗೆಗೆ ನನ್ನ ನಮಸ್ಕಾರ ಹೇಳು" ಎಂದರು. ನರ್ಸಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡರು. ನಾನು ಆ ನಮಸ್ಕಾರವನ್ನು ಮನೆಗೆ ಮುಟ್ಟಿಸಲಿಲ್ಲ. ಮುಂದಿನ ಪತ್ರಿಕೆಯ ಮೊದಲ ಹಾಳೆಯಲ್ಲಿ, ಅವರ ದುಂಡು ಅಕ್ಷರದಲ್ಲಿ, ನನ್ನ ಬರಹ ಬಂತು.

ಒಂದು ತಿಂಗಳು ನೆಲದ ಮೇಲೆ ಕಾಲಿರಲಿಲ್ಲ. ಅತ್ತಿಗೆಯ ತವರು ಉಡಿಗಾಲ. ಅವರ ತಮ್ಮನಿಗೆ ಗಂಡು ಮಗುವಾಗಿ, ನಾಮಕರಣಕ್ಕೆಂದು ಅವರು ಹೊರಟರು. ಆ ತಮ್ಮ ಚಾಮರಾಜನಗರದ ಶನಿವಾರದ ಕ್ಲಾಸಿಗೆ ಆಗೀಗ ಹೋಗುತ್ತಿದ್ದವನು, ಅವನ ಮನೆಯೂ ಪತ್ರಿಕೆಯ ಪಟ್ಟಿಯಲ್ಲಿದೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಅತ್ತಿಗೆ ನಾಲ್ಕು ದಿನ ಇರುತ್ತೇನೆಂದು ಹೋದವರು ಮಾರನೆಯ ದಿನವೇ ವಾಪಸು ಬಂದರು. ನಾನು ಶನಿವಾರ ಮನೆಗೆ ಬಂದಾಗ ಹಿತ್ತಿಲಿನಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ತಲೆ ಎತ್ತದೆ ಕೇಳಿದರು:

"ನಾನು ಅಂಗಂದಿದ್ನಾ ಕಣಮ್ಮಿ?"

ನಾನು ಕೈಯಲ್ಲಿದ್ದ ಚೀಲ ಕೆಳಗಿಟ್ಟೆ.

ಆದದ್ದನ್ನು ಅವರೇ ಹೇಳಿದರು. ನೆಂಟರೆಲ್ಲ ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದಾಗ ತಮ್ಮ ಪತ್ರಿಕೆ ತಂದು, 'ನಮ್ಮಕ್ಕನ ನಾದಿನಿ ಬರ್ದಿರದು' ಎಂದು ಹೆಮ್ಮೆಯಿಂದ ಓದಿದ್ದ. ಕೊನೆಯಲ್ಲಿ ಅಕ್ಕನದೇ ಮಾತು ಇದೆಯಲ್ಲ, ಅಕ್ಕ ಕೇಳಿ ಒಪ್ಪಿದ್ದಾಳೆ ಎಂದೇ ಅವನು ತಿಳಿದಿದ್ದ. ಓದುತ್ತಾ ಹೋದ ಹಾಗೆ, ಹೋದ ಕೂಸಿನದನ್ನು ಇನ್ನೂ ಇಟ್ಟುಕೊಂಡವಳು ಎಂದು ಜನ ಒಬ್ಬೊಬ್ಬರಾಗಿ ಇವರ ಕಡೆ ತಿರುಗಿ ನೋಡಿದರು.

"ಅವ್ನ್ ಓದ್ಲಿ, ಬುಡು. ಅದಾದ್ಮೇಲೆ ಕೂಸ್ನ ನನ್ ಕೈಗೆ ಕೊಡ್ನಿಲ್ಲ ಕಣಮ್ಮಿ. ಬೆಳಗ್ಗೆಯಿಂದ ನಾನೇ ಎತ್ಕೊಂಡಿದ್ದೆ. ಆಮೇಲೆ ನನ್ ತಮ್ಮನ್ ಅತ್ತೆ ತಾನೇ ಮಡ್ಲಲ್ಲಿ ಇಟ್ಕಂಡ್ಳು. ಕೇಳುದ್ರೆ, ಕೂಸು ಮಲ್ಕಂಡದೆ, ಏಳ್ತದೆ ಅಂದ್ಳು. ಎದ್ದೇ ಇತ್ತು."

ಅಷ್ಟೇ ಹೇಳಿದರು. ಬೈಯಲಿಲ್ಲ. ಬೈದಿದ್ದರೆ ನನಗೆ ಒಳ್ಳೆಯದಿತ್ತು. ಸುಲಿದ ಕಾಳನ್ನು ಮೊರಕ್ಕೆ ಹಾಕಿಕೊಂಡು ಒಳಗೆ ಹೋದರು, ರಾತ್ರಿ ನನಗೆ ಎಂದಿನಂತೆ ಬಡಿಸಿದರು.

ಮಾರನೆಯ ದಿನ ಕ್ಲಾಸು ಮುಗಿದ ಮೇಲೆ ನರ್ಸಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮೇಷ್ಟ್ರಿಗೆ ಎಲ್ಲವನ್ನೂ ಹೇಳಿದೆ. ಅಳು ತಡೆಯಲಾಗಲಿಲ್ಲ. ಅವರು ಪೆನ್ನಿಗೆ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಕೊನೆಗೆ, "ನಿಮ್ಮೂರಿಗೆ ಬೆಳಗಿನ ಬಸ್ಸು ಎಷ್ಟು ಹೊತ್ತಿಗೆ?" ಎಂದು ಮಾತ್ರ ಕೇಳಿದರು. ಕಂಡಕ್ಟರನನ್ನು ಕರೆದು, ಪತ್ರಿಕೆ ಯಾವ ಮನೆಯಲ್ಲಿದ್ದರೂ ಈ ವಾರದೊಳಗೆ ಇಸಿದುಕೊಂಡು ಬರಲು ಹೇಳಿದರು, ನನಗೆ ಕರಡನ್ನು ಸುಟ್ಟುಹಾಕಲು ಹೇಳಿದರು.

ಮುಂದಿನ ಭಾನುವಾರ ಕ್ಲಾಸು ಇಲ್ಲವೆಂದು ವಾಚನಾಲಯದ ಬಾಗಿಲಿಗೆ ಚೀಟಿ ಅಂಟಿತ್ತು. ನಾನು ರಸ್ತೆಗೆ ಹೋಗಿ ಮೇಷ್ಟ್ರನ್ನು ಬಸ್ಸಿನಿಂದ ಇಳಿಸಿಕೊಂಡೆ. ಹಸಿರು ಬಟ್ಟೆಯ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ನಮ್ಮೂರಿನವರೆಗೆ ಬಿಸಿಲಿನಲ್ಲಿ ನಡೆದರು. ದಾರಿಯಲ್ಲಿ ಒಂದೇ ಮಾತು ಆಡಿದ್ದು: "ತಪ್ಪು ನಂದೂ ಇದೆ. ಅದನ್ನ ಓದಿದ ದಿನವೇ ನಾನು ಬಂದು ಆಯಮ್ಮನ್ನ ನೋಡಬೇಕಿತ್ತು. ಬರಹ ಚೆನ್ನಾಗಿದೆ ಅಂತ ಮೈ ಮರೆತೆ."

ಅಣ್ಣ ಹೊಲಕ್ಕೆ ಹೋಗಿದ್ದ. ಮೇಷ್ಟ್ರು ಜಗಲಿಯ ಮೇಲೆ ಕೂತರು. ಅತ್ತಿಗೆ ಮಜ್ಜಿಗೆ ತಂದಿಟ್ಟು ಬಾಗಿಲ ಪಕ್ಕ ನಿಂತರು. ಮೇಷ್ಟ್ರು ಲೋಟ ಮುಟ್ಟಲಿಲ್ಲ.

"ತಾಯಿ, ಇವಳು ಮೊದಲೇ ಮಾಡಬೇಕಾಗಿದ್ದ ಕೆಲಸ ಈಗ ಮಾಡ್ತಾಳೆ. ನಿಮ್ಮ ಮುಂದೆ ಓದ್ತಾಳೆ. ಕೇಳಿ. ಇರಲಿ ಅಂದ್ರೆ ಇರುತ್ತೆ. ಬೇಡ ಅಂದ್ರೆ ಈ ಹಾಳೆ ನಿಮ್ಮದು. ಇದರ ಇನ್ನೊಂದು ಪ್ರತಿ ಎಲ್ಲೂ ಇಲ್ಲ. ಇವಳ ಹತ್ತಿರ ಇದ್ದ ಕರಡನ್ನೂ ಸುಡಿಸಿದ್ದೀನಿ" ಎಂದರು.

ಅದು ನಿಜ. ಹಿಂದಿನ ದಿನ ನೀರೊಲೆಗೆ ನಾನೇ ಹಾಕಿದ್ದೆ.

ನಾನು ಓದಿದೆ. ನನ್ನ ಜೀವನದಲ್ಲಿ ಅಷ್ಟು ಕಷ್ಟಪಟ್ಟು ಒಂದು ಹಾಳೆ ಓದಿದ್ದಿಲ್ಲ. ನಡುವೆ ಒಂದು ಕಡೆ ಅತ್ತಿಗೆ, "ಆಗ ನಾನ್ ಅಳ್ತಿರ್ನಿಲ್ಲ, ಯೋಳ್ತೀನಿ ಕೇಳು, ಮಾತಾಡ್ತಿದ್ದೆ" ಎಂದು ತಿದ್ದಿದರು. ನಾನು ಬಾಗಿಲ ಸಂದಿಯಿಂದ ಕಂಡದ್ದನ್ನು ಅಳು ಎಂದುಕೊಂಡಿದ್ದೆ. ಮೇಷ್ಟ್ರ ಮೋಟು ಬೆರಳು ಜಗಲಿಯ ಹಲಗೆಯನ್ನು ಮೆಲ್ಲಗೆ ಒಂದು ಸಲ ಕುಟ್ಟಿತು.

ನಾನು ಓದಿ ಮುಗಿಸಿದೆ. ಕೋಳಿಯೊಂದು ಜಗಲಿ ಹತ್ತಿತು, ಅತ್ತಿಗೆ ಅದನ್ನು ಓಡಿಸಿದರು. ಆಮೇಲೆ ಹೇಳಿದರು:

"ಚೆನ್ನಾಗೇ ಅದೆ ಮೇಷ್ಟ್ರೆ. ಸುಳ್ಳೂ ಇಲ್ಲ, ಅಳು ಒಂದ್ ಬುಟ್ರೆ. ಆದ್ರೆ ಇದು ನಂದು. ಊರೋರ್ಗೆ ಯಾಕೆ? ಕೊಟ್ಬುಡಿ."

ನಾನು ತಲೆ ತಗ್ಗಿಸಿ ನೆಲ ನೋಡುತ್ತಾ ಕೂತಿದ್ದೆ. ಹಾಳೆ ಹರಿಯುವ ಸದ್ದು ಮಾತ್ರ ಕೇಳಿಸಿತು. ನಿಧಾನವಾದ, ಉದ್ದ ಸದ್ದು. ಮೇಷ್ಟ್ರು ಆ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಿಗೆಗೆ ಕೊಟ್ಟರು. ಪೆನ್ನು ತೆಗೆದು ಪತ್ರಿಕೆಯಲ್ಲಿ ಏನೋ ಬರೆದರು. ಆಮೇಲೆ ಮಜ್ಜಿಗೆ ಕುಡಿದರು. ಉಪ್ಪು ಕಡಿಮೆಯಾಯಿತೆಂದು ಇನ್ನಷ್ಟು ಕೇಳಿ ಹಾಕಿಸಿಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ.

ವಾಪಸು ರಸ್ತೆಗೆ ಬಿಡಲು ಹೋದಾಗ, "ಬೇಜಾರಾ?" ಎಂದು ಕೇಳಿದರು.

"ಹೂಂ ಮೇಷ್ಟ್ರೆ."

"ಆಗಲಿ. ಹೋಗಿ ಇನ್ನೊಂದು ಬರಿ."

ನನ್ನ ಕಥೆ ಕ್ಲಾಸಿನಲ್ಲಿ ಎಲ್ಲರಿಗೂ ಗೊತ್ತಾಯಿತು. ಯಾರೂ ನನ್ನನ್ನು ಹೀಯಾಳಿಸಲಿಲ್ಲ. ಅದಕ್ಕೆ ಕಾರಣ ಆಮೇಲೆ ತಿಳಿಯಿತು. ಒಂದು ವಾರ ಕಂಡಕ್ಟರ್ ಎದ್ದು ನಿಂತು ಕೈ ಕಟ್ಟಿಕೊಂಡು, "ಮೇಷ್ಟ್ರೆ, ನಾನೂ ಸುಮಾರ್ ದಪ ಸುಳ್ಳು ಬರ್ಕಂಡ್ ಬಂದಿವ್ನಿ. ನಮ್ಮವ್ವ ನಿದ್ದೆ ಓಗಿದ್ದೊಂದೇ ನಿಜ" ಎಂದ. ಇನ್ನಿಬ್ಬರು ಅವನ ಹಿಂದೆಯೇ ಒಪ್ಪಿಕೊಂಡರು. ಮೇಷ್ಟ್ರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಟ್ಟಳೆಯನ್ನು ಬಿಡಲಿಲ್ಲ. ಅಲ್ಲಿಂದಾಚೆಗೆ ತಿಂಗಳಿಗೊಂದು ದಿನ ಕೇಳಿದವರನ್ನೇ ಕ್ಲಾಸಿಗೆ ಕರೆಸತೊಡಗಿದರು. ಕಂಡಕ್ಟರನ ತಾಯಿ ಬಂದು ಮುಂದಿನ ಬೆಂಚಿನಲ್ಲಿ ಕೂತರು. ಮಗನ ರಾಜಕುಮಾರಿಯ ಕಥೆಗೆ ಒಂದೂವರೆ ಪುಟದವರೆಗೆ ನಿದ್ದೆ ತಡೆದರು. ಆ ವರ್ಷವೇ ಅವನು ಬಸ್ಸಿನ ಬಗ್ಗೆ ಬರೆಯಲು ಶುರುಮಾಡಿದ.

ಅತ್ತಿಗೆಯ ಮನಸ್ಸು ತಿಳಿಯಾಗಲು ಹೆಚ್ಚು ಕಾಲ ಬೇಕಾಯಿತು. ಎರಡು ವರ್ಷ ನಾನು ಏನನ್ನು ಓದಿ ಹೇಳಿದರೂ "ಊಂ" ಎನ್ನುತ್ತಿದ್ದರು, ಅಷ್ಟೇ. ನಾನು ಅದನ್ನೇ ಬರೆಯುತ್ತಿದ್ದೆ: 'ಅಂದದ್ದು: ಊಂ.' ಮೇಷ್ಟ್ರು ಅದನ್ನು ಓದಿ ತಲೆಯಾಡಿಸುತ್ತಿದ್ದರು. ಒಂದು ದಿನ ಅತ್ತಿಗೆ, "ಇದ್ಯಾಕಮ್ಮಿ, ನಿನ್ ಕತೇಲಿ ಸಂತೆಗ್ ಓಗಿದ್ದೋಳು ವಾಪಸ್ ಬರೋದ್ನೇ ಬರೀನಿಲ್ವಲ್ಲ?" ಎಂದು ಕೇಳಿದರು. ಆ ಭಾನುವಾರ ಮೇಷ್ಟ್ರು ಆ ಸಾಲನ್ನು ಗಟ್ಟಿಯಾಗಿ ಓದಿ, ನನ್ನ ಮುಖ ನೋಡಿ, ಕ್ಲಾಸಿಗೆಲ್ಲ ಕಾಫಿ ತರಿಸಿದರು.

ನಾನು ಮುಂದೆ ಬರೆದ ಎರಡು ಕಥಾಸಂಕಲನಗಳಲ್ಲಿ ಅತ್ತಿಗೆಯ ಕಿವಿಗೆ ಬೀಳದ ಒಂದು ಸಾಲೂ ಇಲ್ಲ. ಅದನ್ನು ನೋಡಲು ಮೇಷ್ಟ್ರು ಇರಲಿಲ್ಲ. ಆ ದಶಕ ಮುಗಿಯುವುದರೊಳಗೆ ಅವರ ಎದೆಯ ಕಾಯಿಲೆ ಹೆಚ್ಚಾಗಿ, ಗುಂಡ್ಲುಪೇಟೆಗೆ ಬರುವುದು ನಿಂತಿತು. ಒಂದು ಬೆಳಗ್ಗೆ ಬೇಗೂರಿನ ಸ್ಕೂಲಿಗೆ ಕಂಡಕ್ಟರನೇ ಬಂದ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡದ್ದನ್ನು ನೋಡಿಯೇ ನನಗೆ ತಿಳಿಯಿತು. ಭೀಮನಬೀಡಿಗೆ ಹೋಗಿ ತಿಳಿಸಿದಾಗ ಅತ್ತಿಗೆ ತಾವೂ ಬರುತ್ತೇನೆಂದು ಹಟ ಹಿಡಿದರು. ಚಾಮರಾಜನಗರದ ಮೇಷ್ಟ್ರ ಮನೆ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವರ ಹೆಂಡತಿ ನಮ್ಮನ್ನು ಕೂರಿಸಿಕೊಂಡು ಮಾತಾಡಿದರು. ಬೆರಳಿನ ವಿಷಯ ನಾನೇ ಕೇಳಿದೆ. ಚಿಕ್ಕಂದಿನಲ್ಲಿ ತಮ್ಮನ ಜೊತೆ ಆಡುವಾಗ ಬಾಗಿಲ ಸಂದಿಗೆ ಸಿಕ್ಕಿತಂತೆ. "ಹೇಳೋಕೆ ಅದರಲ್ಲೇನಿದೆ ಅಂತ ಯಾರಿಗೂ ಹೇಳ್ತಿರಲಿಲ್ಲ" ಎಂದರು.

ಟ್ರಂಕಿನಲ್ಲಿ ಪತ್ರಿಕೆಗಳೆಲ್ಲ ಹಸಿರು ಬಟ್ಟೆಯಲ್ಲಿ ಇದ್ದವು. ನನ್ನದು ಬಂದಿದ್ದ ಸಂಚಿಕೆ ತೆರೆದೆ. ಹರಿದ ಹಾಳೆಯ ಬುಡ ಬೆರಳಗಲ ಉಳಿದಿತ್ತು, ಅದರ ಮೇಲೆ ಅವರ ಅಕ್ಷರ: 'ಈ ಹಾಳೆ ಅದರ ಒಡತಿಯ ಹತ್ತಿರ ಇದೆ.'

ಈಗಲೂ ಅತ್ತಿಗೆಯ ಹತ್ತಿರವೇ ಇದೆ. ಎಲ್ಲಿದೆ ಎಂದು ನಾನು ಕೇಳಿಲ್ಲ. ಅತ್ತಿಗೆಗೆ ಈಗ ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಈ ಬರಹವನ್ನು ನಿನ್ನೆ ಮಧ್ಯಾಹ್ನ ಅವರ ಮುಂದೆ ಕೂತು ಮೊದಲಿಂದ ಕೊನೆಯವರೆಗೆ ಓದಿದೆ. ಕೂಸಿನ ವಿಷಯ ಇಷ್ಟರ ಮಟ್ಟಿಗೆ ಇರಲಿ ಎಂದು ಒಪ್ಪಿದರು. ಮೇಷ್ಟ್ರ ಕಟ್ಟಳೆಯಂತೆ ಅವರು ಕೊನೆಗೆ ಹೇಳಿದ್ದನ್ನು ಹೇಳಿದ ಹಾಗೆಯೇ ಕೆಳಗೆ ಬರೆದಿದ್ದೇನೆ.

ಕೇಳಿದವರು: ನನ್ನ ಅತ್ತಿಗೆ.

ಅಂದದ್ದು: "ಎಲ್ಲ ಸರಿಯಾಗದೆ. ಆ ಆಳೆ ಕಿತ್ಕೊಡುವಾಗ ಮೇಷ್ಟ್ರ ಮೋಟ್ ಬೆಳ್ಳು ಗಡಗಡ ನಡುಗ್ತಿತ್ತು ಕಣಮ್ಮಿ. ನೀನು ನೆಲ ನೋಡ್ತಾ ಕೂತಿದ್ದೆ. ಅದ್ನ ಬರ್ಕೊ."